ಗಾಣದ ಪಕ್ಕದ ಕೊಡಲಿ

ಪ್ರಶ್ನೆ: ನಮ್ಮ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವರಿಗೆ ‘ಕೈ ಜೋಪಾನ’ ಎಂದು ಹಿರಿಯರು ಹೇಳುತ್ತಿದ್ದರು. ಕೆರಿಬಿಯನ್ ದ್ವೀಪಗಳ ಗುಲಾಮರ ತೋಟಗಳಲ್ಲಿ ಗಾಣದ ಪಕ್ಕ ಕೊಡಲಿ ಇಟ್ಟಿರುತ್ತಿದ್ದರೆಂದು ಕೇಳಿದೆ. ಇದು ನಿಜವೇ? ಅಲ್ಲಿ ಸಕ್ಕರೆ ಹೇಗೆ ತಯಾರಾಗುತ್ತಿತ್ತು?
— ಓದುಗರು, ಮಂಡ್ಯ ಜಿಲ್ಲೆ

ಉತ್ತರ: ನಿಜ. ಉರುಳೆಗಳ ನಡುವೆ ಬೆರಳು ಸಿಕ್ಕಿದರೆ ಅದರ ಹಿಂದೆಯೇ ತೋಳೂ ಮೈಯೂ ಒಳಗೆ ಹೋಗುತ್ತಿದ್ದವು. ಗಾಳಿಯಿಂದಲೋ ನೀರಿನಿಂದಲೋ ತಿರುಗುವ ಗಾಣವನ್ನು ತಟ್ಟನೆ ನಿಲ್ಲಿಸಲಾಗದ ಕಾರಣ, ತೋಳನ್ನು ಕಡಿದಾದರೂ ಜೀವ ಉಳಿಸಲೆಂದು ಕೊಡಲಿಯನ್ನು ಕೈಗೆಟುಕುವಂತೆ ಇಟ್ಟಿರುತ್ತಿದ್ದುದನ್ನು ಆ ಕಾಲದವರೇ ಬರೆದಿಟ್ಟಿದ್ದಾರೆ. ಹಾಗೆ ಕಬ್ಬು ಕೊಡುತ್ತಿದ್ದವರಲ್ಲಿ ಅನೇಕರು ಹೆಂಗಸರು.

ಕಡಿದ ಕಬ್ಬು ಒಂದೆರಡು ದಿನಗಳಲ್ಲೇ ಕೆಡತೊಡಗುತ್ತದೆ, ಹಿಂಡಿದ ಹಾಲು ಇನ್ನೂ ಬೇಗ ಹುಳಿಯುತ್ತದೆ ಎಂಬುದು ತಮಗೆ ತಿಳಿದದ್ದೇ. ಈ ಅವಸರ ಎಲ್ಲ ಕಡೆಯೂ ಒಂದೇ. ಆದರೆ 1640ರ ದಶಕದಲ್ಲಿ ಬಾರ್ಬಡೋಸ್‌ನಲ್ಲಿ ಬೇರೂರಿ, ಮುಂದೆ ಜಮೈಕಾಕ್ಕೂ ಹಬ್ಬಿದ ತೋಟಗಳಲ್ಲಿ ಅದರ ಭಾರವನ್ನೆಲ್ಲ ಹೊತ್ತವರು ಆಫ್ರಿಕಾದಿಂದ ಹಿಡಿದು ತಂದು ಮಾರಿದ ಜನ. ಸುಗ್ಗಿಯ ತಿಂಗಳುಗಳಲ್ಲಿ ಗಾಣ ಹಗಲಿರುಳೂ ತಿರುಗುತ್ತಿತ್ತು. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ಸರದಿಯಂತೆ ರಾತ್ರಿ ಗಾಣಕ್ಕೂ ಒಲೆಗೂ ಬರಬೇಕಾಗಿತ್ತು. ಆ ನಿದ್ದೆಗಣ್ಣೇ ಕೈಗಳನ್ನು ಉರುಳೆಗಳಿಗೆ ಕೊಟ್ಟದ್ದು ಎಂದು ನಾನು ತಿಳಿಯುತ್ತೇನೆ.

ಹಾಲಿಗೆ ಸುಣ್ಣ ಬೆರೆಸಿ ಕಾಯಿಸಿ, ಮೇಲೆ ಬಂದ ಕೊಳೆಯನ್ನು ತೆಗೆಯುತ್ತ, ಒಂದಕ್ಕಿಂತ ಒಂದು ಚಿಕ್ಕದಾದ ಕೊಪ್ಪರಿಗೆಗಳ ಸಾಲಿನಲ್ಲಿ ದೊಡ್ಡ ಸೌಟುಗಳಿಂದ ಮುಂದಕ್ಕೆ ಸುರಿಯುತ್ತಿದ್ದರು. ಕುದಿಯುವ ಪಾಕ ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತಿತ್ತು. ಕೊನೆಯ ಕೊಪ್ಪರಿಗೆಯಲ್ಲಿ ಹದ ನೋಡುವವನೂ ಗುಲಾಮನೇ: ಹೆಬ್ಬೆರಳು ತೋರುಬೆರಳುಗಳ ನಡುವೆ ಪಾಕದ ಎಳೆ ಹಿಡಿದು ಅವನು ಹೇಳಿದ ಗಳಿಗೆಯ ಮೇಲೆ ಇಡೀ ಪಾಕದ ಬೆಲೆ ನಿಂತಿತ್ತು. ಆ ವಿದ್ಯೆಯ ಲಾಭ ಮಾತ್ರ ಒಡೆಯನದು.

ನಮ್ಮ ಬೆಲ್ಲದಲ್ಲಿ ಕಾಕಂಬಿ, ಅಂದರೆ ಹರಳುಗಟ್ಟದೆ ಉಳಿಯುವ ಮಂದ ಪಾಕ, ಒಳಗೇ ಉಳಿಯುತ್ತದೆ. ಅಲ್ಲಿ ಹರಳುಗಟ್ಟುವ ಪಾಕವನ್ನು ತುದಿಯಲ್ಲಿ ತೂತಿದ್ದ ಶಂಕುವಿನಾಕಾರದ ಮಣ್ಣಿನ ಮಡಕೆಗಳಿಗೆ ತುಂಬಿ, ವಾರಗಟ್ಟಲೆ ಕಾಕಂಬಿಯನ್ನು ತೊಟ್ಟಿಕ್ಕಿಸುತ್ತಿದ್ದರು. ಬಿಳಿ ಸಕ್ಕರೆ ಬೇಕಾದಲ್ಲಿ ಮೇಲೆ ಒದ್ದೆ ಜೇಡಿಮಣ್ಣು ಹೊದಿಸುತ್ತಿದ್ದರು. ಅದರಿಂದ ಇಳಿದ ನೀರು ಹರಳುಗಳನ್ನು ತೊಳೆಯುತ್ತಿತ್ತು. ಕಾಕಂಬಿಯಿಂದ ರಮ್ ಇಳಿಸುತ್ತಿದ್ದರು.

1791ರ ಆಗಸ್ಟ್‌ನಲ್ಲಿ, ಇಂದು ಹೈಟಿ ಎನಿಸಿಕೊಂಡಿರುವ ಫ್ರೆಂಚರ ವಸಾಹತಿನಲ್ಲಿ ಗುಲಾಮರು ದಂಗೆಯೆದ್ದಾಗ ಕಬ್ಬಿನ ಗದ್ದೆಗಳಿಗೆ ಬೆಂಕಿಯಿಟ್ಟು ಸುಮ್ಮನಾಗಲಿಲ್ಲ. ಗಾಣಗಳನ್ನೂ ಪಾಕದ ಮನೆಗಳನ್ನೂ ನಾಶಮಾಡಿದರು.