30 ಸಾವಿರದ ಸ್ಪೀಕರ್ ಬೇಕಾ? ಮೊದಲು ಕೋಣೆ ನೋಡಿ

ವಿಜಯಪುರದ ಮನೆಗೆ 30 ಸಾವಿರದ ಸ್ಪೀಕರ್ ತಗೊಂಡರೆ ಹಾಡಿನ ಖುಷಿ ಜಾಸ್ತಿ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ, ಆದರೆ ಅಂದುಕೊಂಡಷ್ಟಲ್ಲ.

ನಾನು ಬೆಳಗಾವಿಯಲ್ಲಿ ಒಳ್ಳೆಯ ಸ್ಪೀಕರ್ ತಂದು, ಟೈಲ್ಸ್ ಹಾಕಿದ ಖಾಲಿ ಕೋಣೆಯ ಮೂಲೆಯಲ್ಲಿಟ್ಟೆ. ತಬಲಾ ಜೋಡಿಯ ದೊಡ್ಡದಾದ ಡಗ್ಗಾ ಸುಮ್ನೆ ಗುಂಯ್ ಅನ್ನುತ್ತಿತ್ತು, ಹಾಡಿನ ಮಾತೇ ತಿಳಿಯುತ್ತಿರಲಿಲ್ಲ. ಅಂಗಡಿಯವರನ್ನು ಬೈದದ್ದೇ ಬಂತು. ತಪ್ಪು ನನ್ನದೇ. ಮೂಲೆಯಲ್ಲಿಟ್ಟರೆ ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಉಬ್ಬುತ್ತದೆ, ಬರಿ ಗೋಡೆ ಸದ್ದನ್ನು ವಾಪಸ್ ಎಸೆಯುತ್ತದೆ. ಸ್ಪೀಕರನ್ನು ಎರಡು ಅಡಿ ಮುಂದಕ್ಕೆ ಎಳೆದೆ, ಎದುರು ಗೋಡೆಗೆ ಅಜ್ಜಿಯ ಕೌದಿ ನೇತು ಹಾಕಿದೆ. (ಮನೆಯವರು ನಕ್ಕರು, ಬಿಡಿ.) ಆಮೇಲೆ ತಂಬೂರಿಯ ತಂತಿ ಒಂದೊಂದೂ ಬಿಡಿಯಾಗಿ ಕೇಳಿಸಿತು. ಆಲಾಪದ ನಡುವೆ ಗಾಯಕರು ಉಸಿರೆಳೆಯುವುದು ಕೂಡ.

ಹಳೆಯ ಗ್ರಾಮಫೋನ್ ಹಾಡುಗಳೇ ಇಷ್ಟ ಅಂದಿದ್ದೀರಿ ಅಲ್ವಾ? 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಯ ಒಂದು ಬದಿಗೆ ಸುಮಾರು 3 ನಿಮಿಷದ ಹಾಡು, ಅದರಲ್ಲೂ ಮೇಲಿನ ಸೂಕ್ಷ್ಮ ಸದ್ದು ಹೆಚ್ಚು ದಾಖಲಾಗಿಲ್ಲ. ಇಲ್ಲದ್ದನ್ನು ಯಾವ ಸ್ಪೀಕರೂ ಕೊಡಲಾರದು, ಚರಚರ ಮಾತ್ರ ಇನ್ನೂ ಸ್ಪಷ್ಟ! ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರನ್ನು ನಾನು ಮೊದಲು ಕೇಳಿದ್ದು ಸಣ್ಣ ರೇಡಿಯೋದಲ್ಲಿ. ಮೈ ಜುಮ್ಮೆಂದಿದ್ದು ಅಲ್ಲೇ.

ನಿಮಗೆ 10-12 ಸಾವಿರದ ಜೋಡಿ ಸಾಕು. ಮಿಕ್ಕ ದುಡ್ಡಲ್ಲಿ ದಪ್ಪನೆಯ ಪರದೆ, ಒಂದು ಜಮಖಾನ ತಗೊಳ್ಳಿ.