ಡ್ಯಾಪಿಯ ನೀಲಿ ಹೊಳಪು ಮತ್ತು ಅಡಕೆಯ ಹಳದಿ ರೋಗ

ಪ್ರಶ್ನೆ: ನನ್ನ ಮಗಳು ಕಾಲೇಜಿನಲ್ಲಿ ನೀರುಳ್ಳಿ ಬೇರಿನ ತುದಿಗೆ ಡ್ಯಾಪಿ ಎಂಬ ಬಣ್ಣ ಹಾಕಿ ನೋಡಿದಾಗ ಕೋಶಕೇಂದ್ರಗಳು ನೀಲಿಯಾಗಿ ಹೊಳೆದವಂತೆ. ನಮ್ಮ ಅಡಕೆ ಮರಗಳಿಗೆ ಹಳದಿ ಎಲೆ ರೋಗ ತಗಲಿದೆಯೇ ಎಂಬುದನ್ನು ಇದರಿಂದ ತಿಳಿಯಬಹುದೇ? ಇದು ಮದ್ದಾಗಿಯೂ ಉಪಯೋಗಕ್ಕೆ ಬಂದೀತೇ?
– ಕೃಷಿಕರೊಬ್ಬರು, ಬದಿಯಡ್ಕ

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ, ಇಲ್ಲ. 1971ರಲ್ಲಿ ಜರ್ಮನಿಯ ಒಟ್ಟೊ ಡಾನ್ ಅವರ ಪ್ರಯೋಗಾಲಯದಲ್ಲಿ ಡ್ಯಾಪಿ ಹುಟ್ಟಿದ್ದೇನೋ ಟ್ರಿಪನೊಸೋಮ ಎಂಬ ರೋಗಾಣುವಿಗೆ ಔಷಧ ಹುಡುಕುವಾಗಲೇ. ಆದರೆ ಅದು ಔಷಧವಾಗದೆ ಬಣ್ಣವಾಗಿ ಉಳಿಯಿತು.

ಡ್ಯಾಪಿಯು ಡಿಎನ್‌ಎ ಸುರುಳಿಯ ಎರಡು ತೋಡುಗಳಲ್ಲಿ ಕಿರಿದಾದ ಕಿರುತೋಡಿನಲ್ಲಿ, ಅದರಲ್ಲೂ ಡಿಎನ್‌ಎಯ ನಾಲ್ಕು ಘಟಕಗಳಲ್ಲಿ ಎರಡಾದ ಅಡೆನಿನ್ ಮತ್ತು ಥೈಮಿನ್ ಹೆಚ್ಚಿರುವಲ್ಲಿ, ಬಿಗಿಯಾಗಿ ಕೂರುತ್ತದೆ. ಹಾಗೆ ಕುಳಿತ ಮೇಲೆ ಸುಮಾರು 358 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ಹೀರಿ 461 ನ್ಯಾನೋಮೀಟರಿನ ನೀಲಿ ಬೆಳಕನ್ನು ಹೊರಸೂಸುತ್ತದೆ. ಒಂಟಿಯಾಗಿದ್ದಾಗಿನ ಹೊಳಪಿಗಿಂತ ಇದು ಸುಮಾರು 20 ಪಟ್ಟು ಹೆಚ್ಚು.

ಹಳದಿ ಎಲೆ ರೋಗಕ್ಕೆ ಕಾರಣವಾದ ಫೈಟೊಪ್ಲಾಸ್ಮವು ಕೋಶಭಿತ್ತಿಯಿಲ್ಲದ ಅತಿಸಣ್ಣ ಬ್ಯಾಕ್ಟೀರಿಯ. ಅದು ಗಿಡದ ಆಹಾರ ಸಾಗಿಸುವ ಜರಡಿನಾಳಗಳಲ್ಲಿ ವಾಸಿಸುತ್ತದೆ. ಬಲಿತ ಜರಡಿನಾಳದಲ್ಲಿ ಕೋಶಕೇಂದ್ರವೇ ಇರುವುದಿಲ್ಲವಾದ್ದರಿಂದ, ಆರೋಗ್ಯವಂತ ಗಿಡದ ತೆಳುಸೀಳನ್ನು ಡ್ಯಾಪಿಯಲ್ಲಿ ಅದ್ದಿ ನೋಡಿದರೆ ಆ ನಾಳ ಬಹುಮಟ್ಟಿಗೆ ಕತ್ತಲಾಗಿಯೇ ಕಾಣುತ್ತದೆ. ಅಲ್ಲಿ ನೀಲಿ ಚುಕ್ಕೆಗಳು ಮಿನುಗಿದರೆ ಹೊರಗಿನ ಡಿಎನ್‌ಎ ಬಂದು ಸೇರಿದೆ ಎಂಬ ಬಲವಾದ ಶಂಕೆ ಮೂಡುತ್ತದೆ. ಫೈಟೊಪ್ಲಾಸ್ಮದ ಡಿಎನ್‌ಎಯಲ್ಲಿ ಅಡೆನಿನ್ ಮತ್ತು ಥೈಮಿನ್ ಅಂಶವೇ ಹೆಚ್ಚಾಗಿರುವುದು ಈ ಪರೀಕ್ಷೆಗೆ ಅನುಕೂಲವೂ ಹೌದು. ಇಲ್ಲದಿರುವ ಕಡೆ ಬೆಳಕು ಕಾಣಿಸುವುದೇ ಇಲ್ಲಿ ಸುಳಿವಾಗುವುದು ನನಗೆ ಬಹಳ ಸೊಗಸಾಗಿ ತೋರುತ್ತದೆ.

ಆದರೂ ಈ ಹೊಳಪು ರೋಗಾಣುವಿನ ಹೆಸರನ್ನು ಹೇಳಲಾರದು. ಪಕ್ಕದ ಸಂಗಾತಿ ಕೋಶಗಳ ಕೇಂದ್ರಗಳೂ ನೀಲಿಯಾಗಿಯೇ ಹೊಳೆಯುವುದರಿಂದ ನಾಳವನ್ನು ಗುರುತಿಸುವ ಪಳಗಿದ ಕಣ್ಣು ಬೇಕು. ರೋಗಾಣುಗಳು ಕಡಿಮೆಯಿದ್ದರೆ ಏನೂ ಕಾಣದೆಯೂ ಹೋಗಬಹುದು. ಆದ್ದರಿಂದ ಖಚಿತಪಡಿಸಲು, ರೋಗಾಣುವಿನ ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸಿ ಗುರುತಿಸುವ ಪಿಸಿಆರ್ ಪರೀಕ್ಷೆಯೇ ಆಗಬೇಕು. ಶಾಲೆಯ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಲಾಗದು, ಅತಿನೇರಳೆ ದೀಪ ಮತ್ತು ತಕ್ಕ ಶೋಧಕವಿರುವ ಪ್ರತಿದೀಪ್ತಿ ಸೂಕ್ಷ್ಮದರ್ಶಕ ಅಗತ್ಯ. ಬಣ್ಣವನ್ನು ಬೆಳಕು ತಾಗದಂತೆ ಇಡಬೇಕು. ಡಿಎನ್‌ಎಗೆ ಅಂಟುವ ವಸ್ತುವಾದ್ದರಿಂದ ಮಗಳು ಕೈಗವಸಿಲ್ಲದೆ ಮುಟ್ಟದಿರಲಿ.

ಸೋಗೆ ಹಳದಿಯಾಗಲು ಪೋಷಕಾಂಶದ ಕೊರತೆ, ಬುಡದಲ್ಲಿ ನೀರು ನಿಲ್ಲುವುದು ಕೂಡ ಕಾರಣವಾಗಬಹುದು. ಮರ ಕಡಿಯುವ ಮೊದಲು ಬಸಿಗಾಲುವೆಯನ್ನು ನೋಡಿ, ಮಣ್ಣಿನ ಪರೀಕ್ಷೆ ಮಾಡಿಸಿ, ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ತಜ್ಞರನ್ನು ವಿಚಾರಿಸಿರಿ.