ಕೆರೆಯ ದಡದ ಕೊಲೆಗಳು: ಒಂದು ಹಸ್ತಪ್ರತಿಗೆ ಸಂಪಾದಕರ ಉತ್ತರ

ಪ್ರಿಯ ಬರಹಗಾರರೇ,

ಅಮೆರಿಕದ ಬೇಸಿಗೆ ಶಿಬಿರಗಳನ್ನು ಕಥಾಸ್ಥಳವಾಗಿಟ್ಟುಕೊಂಡು 1980ರ ಆಸುಪಾಸಿನಲ್ಲಿ ಬಂದ ಕಡಿಮೆ ಬಂಡವಾಳದ ಸ್ಲ್ಯಾಷರ್ ಚಿತ್ರಗಳ, ಅಂದರೆ ಕೊಲೆಗಾರನೊಬ್ಬ ಒಬ್ಬೊಬ್ಬರನ್ನಾಗಿ ಕೊಲ್ಲುತ್ತ ಹೋಗುವ ಭಯಾನಕ ಚಿತ್ರಗಳ ಬಗ್ಗೆ ನೀವು ಕಳುಹಿಸಿದ ದೀರ್ಘ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಸಾಧ್ಯವಿಲ್ಲ. ಇಷ್ಟನ್ನೇ ತಿಳಿಸಿ ಸುಮ್ಮನಾಗದೆ ಈ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಬಗೆಯ ಚಿತ್ರಗಳನ್ನು ಕನ್ನಡದಲ್ಲಿ ಯಾರಾದರೂ ತಾತ್ಸಾರವಿಲ್ಲದೆ ನೋಡಿ ಬರೆಯಬೇಕೆಂಬ ಆಸೆ ನನಗೆ ಬಹುಕಾಲದಿಂದ ಇದೆ, ಮತ್ತು ನಿಮ್ಮ ಬರಹದ ಒಂದು ಪುಟದಲ್ಲಿ ಅಂಥ ನೋಟ ಇದೆ. ಉಳಿದ ಪುಟಗಳಲ್ಲಿ ಅದು ಏಕಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಿಮ್ಮ ಲೇಖನದ ಬಹುಭಾಗ ಕಥಾಸಾರಾಂಶ. ಪ್ರತಿ ಚಿತ್ರದಲ್ಲೂ ಯಾರು ಎಲ್ಲಿ ಯಾವ ಆಯುಧದಿಂದ ಸತ್ತರೆಂದು ಪಟ್ಟಿ ಮಾಡಿ, ಕೊನೆಗೆ ಎರಡು ತೀರ್ಮಾನಗಳಿಗೆ ಬಂದಿದ್ದೀರಿ. ಇವು ದಾರಿ ತಪ್ಪಿದ ಹದಿಹರೆಯದವರನ್ನು ಶಿಕ್ಷಿಸುವ ನೀತಿಕಥೆಗಳು ಎಂಬುದು ಒಂದು. ಕೈಯಲ್ಲಿ ಹಣವಿಲ್ಲದ ಕಾರಣ ಇವು ಒರಟಾಗಿ ಉಳಿದವು ಎಂಬುದು ಇನ್ನೊಂದು. ಎರಡೂ ಮಾತುಗಳನ್ನು ನಿಮಗಿಂತ ಮುಂಚೆ ಅನೇಕರು ಹೇಳಿದ್ದಾರೆ. ಅದೇ ದೊಡ್ಡ ದೋಷವೇನಲ್ಲ. ಆದರೆ ನೀವೇ ವಿವರಿಸಿರುವ ದೃಶ್ಯಗಳು ನಿಮ್ಮ ತೀರ್ಮಾನಗಳನ್ನು ಒಪ್ಪುತ್ತಿಲ್ಲ, ಮತ್ತು ಅದು ನಿಮ್ಮ ಗಮನಕ್ಕೆ ಬಂದಂತೆ ಕಾಣುವುದಿಲ್ಲ.

ಅದಕ್ಕೆ ಮೊದಲು ಓದುಗರ ವಿಷಯ. ಬೇಸಿಗೆ ಶಿಬಿರ ಎಂದೊಡನೆ ನಮ್ಮ ಓದುಗರ ಕಣ್ಣಿಗೆ ಬರುವುದು ಮೈಸೂರು ರಂಗಾಯಣದ ಚಿಣ್ಣರ ಮೇಳ, ಇಲ್ಲವೇ ಏಪ್ರಿಲ್–ಮೇ ತಿಂಗಳಲ್ಲಿ ಬಡಾವಣೆಯ ಶಾಲೆಯಲ್ಲಿ ನಡೆಯುವ ಚಿತ್ರಕಲೆ, ನಾಟಕ, ಈಜಿನ ತರಗತಿಗಳು. ಬೆಳಿಗ್ಗೆ ಬಿಟ್ಟುಬಂದ ಮಗು ಸಂಜೆಗೆ ಮನೆ ಸೇರುತ್ತದೆ. ಅಂಥ ಶಿಬಿರಕ್ಕೆ ರಾತ್ರಿಯೇ ಇಲ್ಲ. ನೀವು ಬರೆಯುತ್ತಿರುವ ಶಿಬಿರ ಬೇರೆಯದು. 1861ರಲ್ಲಿ ಕನೆಕ್ಟಿಕಟ್‌ನ ಶಾಲಾ ಮುಖ್ಯಸ್ಥ ಫ್ರೆಡರಿಕ್ ಗನ್ ತನ್ನ ವಿದ್ಯಾರ್ಥಿಗಳನ್ನು ಕಡಲ ದಂಡೆಯವರೆಗೆ ನಡೆಸಿಕೊಂಡು ಹೋಗಿ ಡೇರೆ ಹಾಕಿಸಿದಲ್ಲಿಂದ ಬೆಳೆದುಬಂದ ಆ ಪದ್ಧತಿಯಲ್ಲಿ, ಮಕ್ಕಳು ತಂದೆತಾಯಿಗಳಿಂದ ದೂರವಾಗಿ, ಕಾಡಿನ ನಡುವಿನ ಕೆರೆಯ ದಡದಲ್ಲಿ, ಮರದ ಮನೆಗಳಲ್ಲಿ ವಾರಗಟ್ಟಲೆ ಇರುತ್ತಾರೆ. ಅವರನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಆಗತಾನೇ ಶಾಲೆ ಮುಗಿಸಿದ, ತಾವೂ ಮೊದಲ ಬಾರಿಗೆ ಹಿರಿಯರ ಕಣ್ಣಿನಿಂದ ದೂರವಾಗಿರುವ ಹುಡುಗ ಹುಡುಗಿಯರು. ಮಕ್ಕಳ ಜೀವದ ಹೊಣೆ ಇನ್ನೂ ಬಲಿಯದ ಕೈಗಳಲ್ಲಿರುತ್ತದೆ. ಈ ಚಿತ್ರಗಳ ಭಯಕ್ಕೆಲ್ಲ ಮೂಲ ಇದೇ. ಇದನ್ನು ನೀವು ಎಲ್ಲಿಯೂ ವಿವರಿಸಿಲ್ಲವಾದ್ದರಿಂದ, ಶಿಬಿರವನ್ನು ಕಾಣದ ಓದುಗರಿಗೆ ಕೊಲೆಗಳು ಮಾತ್ರ ಉಳಿಯುತ್ತವೆ.

ಇನ್ನು ಹಣದ ಮಾತು. 1980ರ ಮೇ ತಿಂಗಳಲ್ಲಿ ಬಿಡುಗಡೆಯಾದ ‘ಫ್ರೈಡೇ ದ ಥರ್ಟೀನ್ತ್’ ಚಿತ್ರ ಸುಮಾರು 5.5 ಲಕ್ಷ ಡಾಲರ್‌ಗಳಲ್ಲಿ ತಯಾರಾಗಿ, ಅಮೆರಿಕದ ಚಿತ್ರಮಂದಿರಗಳಿಂದಲೇ ಹತ್ತಿರ ಹತ್ತಿರ 4 ಕೋಟಿ ಡಾಲರ್ ಗಳಿಸಿತು ಎಂದು ನೀವು ಬರೆದಿದ್ದೀರಿ. ಸರಿಯಾಗಿಯೇ ಇದೆ. ನಿರ್ಮಾಪಕ, ನಿರ್ದೇಶಕ ಶಾನ್ ಕನಿಂಗ್‌ಹ್ಯಾಮ್ ಚಿತ್ರಕಥೆ ಪೂರ್ಣವಾಗುವ ಮೊದಲೇ, 1979ರಲ್ಲಿ, ಬರೀ ಶೀರ್ಷಿಕೆಯನ್ನು ಪತ್ರಿಕೆಯ ಜಾಹೀರಾತಿನಲ್ಲಿ ಹಾಕಿಸಿದರೆಂಬುದನ್ನೂ ಹೇಳಿದ್ದೀರಿ. ಆದರೆ ಆ ಹಣದ ಮಿತಿ ತೆರೆಯ ಮೇಲೆ ಏನು ಮಾಡಿತೆಂಬುದನ್ನು ನೋಡದೆ ‘ಒರಟು’ ಎಂಬ ಒಂದು ಮಾತಿನಲ್ಲಿ ಮುಗಿಸಿದ್ದೀರಿ.

ಮಕ್ಕಳ ಶಿಬಿರದ ಚಿತ್ರದಲ್ಲಿ ಮಕ್ಕಳೆಲ್ಲಿದ್ದಾರೆ ಎಂದು ಕೇಳಿಕೊಂಡು ನೋಡಿ. ಹಿಂದಿನ ಕಾಲದ ಮೊದಲ ಪ್ರಸಂಗವನ್ನು ಬಿಟ್ಟರೆ ಶಿಬಿರದಲ್ಲಿ ಮಕ್ಕಳೇ ಇಲ್ಲ. ಅವರು ಬರುವುದಕ್ಕೆ ಮುಂಚಿನ ಸಿದ್ಧತೆಯ ದಿನವನ್ನು ಚಿತ್ರಕಥೆಗಾರ ವಿಕ್ಟರ್ ಮಿಲ್ಲರ್ ಆರಿಸಿಕೊಂಡಿದ್ದಾರೆ. ನೂರಾರು ಮಕ್ಕಳನ್ನು ಕರೆತಂದು ನಟಿಸುವಂತೆ ಮಾಡುವ ಖರ್ಚು ಇದರಿಂದ ಉಳಿಯಿತು, ನಿಜ. ಅದರ ಜೊತೆಗೇ ಖಾಲಿ ಹಾಸಿಗೆಗಳು, ಯಾರೂ ಕೂರದ ದೋಣಿಗಳು, ದೀಪವಿಲ್ಲದ ಕೋಣೆಗಳು ಕಥೆಯ ಭಾಗವಾದವು. ಚಿತ್ರೀಕರಣ ನಡೆದದ್ದು ನ್ಯೂ ಜೆರ್ಸಿಯಲ್ಲಿರುವ ನೋ-ಬೀ-ಬೋ-ಸ್ಕೋ ಎಂಬ ಬಾಯ್ ಸ್ಕೌಟ್ಸ್ ಶಿಬಿರದಲ್ಲಿ, 1979ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅಂದರೆ ಹುಡುಗರೆಲ್ಲ ಶಾಲೆಗೆ ಮರಳಿದ ಮೇಲೆ. ಬೇಸಿಗೆ ಮುಗಿದರೆ ಇಂಥ ಜಾಗಗಳು ಖಾಲಿ ಬೀಳುತ್ತವೆ. ಒಂದೇ ಸ್ಥಳದಲ್ಲಿ ಮನೆ, ಕೆರೆ, ಕಾಡು, ಅಡುಗೆಮನೆ ಎಲ್ಲವೂ ಸಿಗುತ್ತವೆ. ಇಷ್ಟೊಂದು ಚಿತ್ರಗಳು ಶಿಬಿರವನ್ನೇ ಏಕೆ ಆರಿಸಿಕೊಂಡವು ಎಂದು ನಿಮ್ಮ ಎರಡನೆಯ ಪುಟದಲ್ಲಿ ಕೇಳಿ ಹಾಗೆಯೇ ಬಿಟ್ಟ ಪ್ರಶ್ನೆಗೆ ಉತ್ತರದ ಒಂದು ಪಾಲು ಇಲ್ಲಿದೆ.

ಒಂದು ಸಾವಿನ ದೃಶ್ಯವನ್ನಾದರೂ ಹತ್ತಿರದಿಂದ ನೋಡಿ ಬರೆಯಿರಿ. ‘ಕೆವಿನ್ ಬೇಕನ್ ಪಾತ್ರದ ಸಾವು ಪ್ರೇಕ್ಷಕರನ್ನು ಬೆಚ್ಚಿಬೀಳಿಸುತ್ತದೆ’ ಎಂಬ ನಿಮ್ಮ ವಾಕ್ಯದಿಂದ ಓದುಗರಿಗೆ ಏನೂ ಸಿಗುವುದಿಲ್ಲ. ಹುಡುಗ ಕೆಳಗಿನ ಮಂಚದಲ್ಲಿ ಅಂಗಾತ ಮಲಗಿದ್ದಾನೆ. ಮೇಲಿನ ಮಂಚದಲ್ಲಿ ಅವನ ಗೆಳೆಯನ ಹೆಣವಿದೆ. ಅದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮೇಲಿನಿಂದ ರಕ್ತದ ಹನಿ ಹಣೆಗೆ ಬೀಳುತ್ತದೆ. ಅವನ ಗಮನವೂ ನಮ್ಮ ಗಮನವೂ ಮೇಲಕ್ಕೆ ಹೋದ ಆ ಕ್ಷಣದಲ್ಲಿ ಮಂಚದ ಕೆಳಗಿನಿಂದ ಕೈಯೊಂದು ಬಂದು ತಲೆಯನ್ನು ಒತ್ತಿ ಹಿಡಿಯುತ್ತದೆ, ಬಾಣ ಗಂಟಲನ್ನು ಸೀಳಿ ಹೊರಬರುತ್ತದೆ. ನಟ ನಿಜವಾಗಿ ಮಂಚದ ಕೆಳಗೆ ಕುಳಿತು ತಲೆಯನ್ನಷ್ಟೇ ಮೇಲೆ ತೂರಿಸಿದ್ದರು. ಕುತ್ತಿಗೆ, ಎದೆ ಎಲ್ಲವೂ ಮೇಕಪ್ ಕಲಾವಿದ ಟಾಮ್ ಸವೀನಿ ಮಾಡಿದ ಕೃತಕ ಭಾಗಗಳು. ರಕ್ತ ಹಾಯಿಸುವ ಕೊಳವೆ ಚಿತ್ರೀಕರಣದ ನಡುವೆಯೇ ಪಂಪಿನಿಂದ ಕಳಚಿಕೊಂಡಾಗ, ಸಹಾಯಕ ಟಾಸೊ ಸ್ಟಾವ್ರಾಕಿಸ್ ಅದಕ್ಕೆ ಬಾಯಿಟ್ಟು ಊದಿ ರಕ್ತ ಚಿಮ್ಮಿಸಿದರು. ಇದನ್ನು ಒರಟುತನ ಎಂದು ತಳ್ಳಿಹಾಕುವಂತಿಲ್ಲ. ಪ್ರೇಕ್ಷಕರ ಕಣ್ಣನ್ನು ಎತ್ತ ತಿರುಗಿಸಬೇಕೆಂಬ ಲೆಕ್ಕಾಚಾರಕ್ಕೆ ಹಣ ಬೇಕಿಲ್ಲ, ಬುದ್ಧಿ ಬೇಕು. ಅದು ಇಲ್ಲಿ ಸಾಕಷ್ಟಿದೆ.

ನಿಮ್ಮ ನಾಲ್ಕನೆಯ ಪುಟದಲ್ಲಿ ಹ್ಯಾರಿ ಮ್ಯಾನ್‌ಫ್ರೆಡಿನಿಯವರ ಸಂಗೀತದ ಬಗ್ಗೆ ಬರೆದ ಭಾಗ ನಾನು ಮೇಲೆ ಹೇಳಿದ ಪುಟ. ಬಿಲ್ಲುಗಾರಿಕೆಯ ಜಾಗದಲ್ಲಿ ಹುಡುಗಿಯ ಪಕ್ಕಕ್ಕೇ ಬಾಣ ಬಂದು ನಾಟಿದಾಗ ನಾವು ಬೆಚ್ಚುತ್ತೇವೆ, ಆದರೂ ಅಲ್ಲಿ ಸಂಗೀತವಿಲ್ಲ, ಏಕೆಂದರೆ ಬಾಣ ಬಿಟ್ಟವನು ಕುಚೇಷ್ಟೆಯ ಗೆಳೆಯ, ಕೊಲೆಗಾರನಲ್ಲ ಎಂದು ನೀವು ಗುರುತಿಸಿದ್ದೀರಿ. ಕೊಲೆಗಾರ ಹತ್ತಿರವಿದ್ದಾಗ ಮಾತ್ರ ಸಂಗೀತ ಬರುತ್ತದೆಂಬ ಈ ನಿಯಮ ಸಂಗೀತಗಾರರೇ ಹಾಕಿಕೊಂಡದ್ದು. ಅದನ್ನು ಕಿವಿಯಿಂದಲೇ ಹಿಡಿದದ್ದು ನಿಮ್ಮ ಹೆಚ್ಚುಗಾರಿಕೆ. ಆದರೆ ಆ ಎಳೆಯನ್ನು ಕೊನೆಯವರೆಗೆ ಹಿಡಿದು ಹೋಗಿಲ್ಲ. ಆ ಸಂಗೀತದಲ್ಲಿ ಪಿಸುಗುಟ್ಟುವ ‘ಕಿ’, ‘ಮ’ ಸದ್ದುಗಳು ಎಲ್ಲಿಂದ ಬಂದವು? ಕೊನೆಯಲ್ಲಿ ಕೊಲೆಗಾರಳೆಂದು ಗೊತ್ತಾಗುವ, ಬೆಟ್ಸಿ ಪಾಮರ್ ನಟಿಸಿದ ತಾಯಿ, ಹಿಂದೆ ಇದೇ ಶಿಬಿರದ ಕೆರೆಯಲ್ಲಿ ಮುಳುಗಿಹೋದ ತನ್ನ ಮಗನ ದನಿಯಲ್ಲಿ ‘ಅವಳನ್ನು ಕೊಲ್ಲಮ್ಮಾ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳಲ್ಲ, ‘ಕಿಲ್ ಹರ್, ಮಮ್ಮಿ’ ಎಂಬ ಆ ಇಂಗ್ಲಿಷ್ ಮಾತಿನ ಎರಡು ಅಕ್ಷರಗಳು ಅವು. ಕೊಲೆಗಾರಳ ಮುಖ ಕಾಣುವುದಕ್ಕೆ ಗಂಟೆಗೂ ಮುಂಚಿನಿಂದ ಅವಳ ತಲೆಯೊಳಗಿನ ಮಗುವಿನ ಮಾತು ನಮ್ಮ ಕಿವಿಗೆ ಬೀಳುತ್ತಿರುತ್ತದೆ. ಇಷ್ಟನ್ನು ಬರೆದಿದ್ದರೆ ಲೇಖನದ ತೂಕವೇ ಬೇರೆಯಾಗುತ್ತಿತ್ತು. ಪತ್ತೇದಾರಿ ಕಥೆಯಾಗಿ ಈ ಚಿತ್ರ ನ್ಯಾಯವಾಗಿಲ್ಲ, ಕೊನೆಯ ಭಾಗದವರೆಗೆ ಆ ಹೆಂಗಸನ್ನು ನಮಗೆ ಪರಿಚಯಿಸುವುದೇ ಇಲ್ಲ ಎಂಬ ನಿಮ್ಮ ಆಕ್ಷೇಪ ನನಗೂ ಸರಿ ಎನಿಸುತ್ತದೆ. ಕಿವಿಗೆ ಕೊಟ್ಟ ಸುಳಿವನ್ನೂ ಆ ಲೆಕ್ಕದಲ್ಲಿ ಸೇರಿಸಿ ತೂಗಿ ನೋಡಿ.

ಈಗ ನೀತಿಕಥೆಯ ವಾದ. ಕುಡಿಯುವವರು, ಕೂಡುವವರು ಸಾಯುತ್ತಾರೆ, ಸಂಯಮದ ಹುಡುಗಿ ಉಳಿಯುತ್ತಾಳೆ ಎಂದು ಖಚಿತವಾಗಿ ಬರೆದಿದ್ದೀರಿ. ನೀವೇ ಕೊಟ್ಟ ಸಾವಿನ ಪಟ್ಟಿಯನ್ನು ಮತ್ತೊಮ್ಮೆ ಓದಿ. ಶಿಬಿರ ಮತ್ತೆ ತೆರೆಯುವ ಹೊತ್ತಿಗೆ ಮೊದಲು ಸಾಯುವವಳು ಆ್ಯನಿ: ಮಕ್ಕಳೆಂದರೆ ಪ್ರಾಣ ಎನ್ನುವ, ಶಿಬಿರಕ್ಕೆ ಅಡುಗೆ ಮಾಡಲೆಂದು ದಾರಿಯಲ್ಲಿ ಸಿಕ್ಕ ವಾಹನ ಹತ್ತಿ ಬರುತ್ತಿರುವ ಹುಡುಗಿ. ಅವಳು ಮಾಡಿದ ತಪ್ಪೇನು? ಬದುಕಿ ಉಳಿಯುವ ಆ್ಯಲಿಸ್ ಬಟ್ಟೆ ಪಣಕ್ಕಿಟ್ಟು ಆಡುವ ಮೊನಾಪಲಿ ಆಟದಲ್ಲಿ ಬಿಯರ್ ಕುಡಿಯುತ್ತ ಕುಳಿತವಳೇ. ಎಲ್ಲಕ್ಕಿಂತ ಮಿಗಿಲಾಗಿ ಬ್ರೆಂಡಾಳ ಸಾವನ್ನು ನೋಡಿ. ಮಳೆಯ ರಾತ್ರಿ, ಹಾಸಿಗೆಯಲ್ಲಿ ಓದುತ್ತ ಮಲಗಿದ್ದಾಳೆ. ಹೊರಗೆ ಮಗುವೊಂದು ಸಹಾಯಕ್ಕೆ ಕೂಗಿದಂತೆ ಕೇಳಿಸುತ್ತದೆ. ರಾತ್ರಿಯ ಉಡುಪಿನಲ್ಲೇ, ಮಳೆಯಲ್ಲಿ ನೆನೆಯುತ್ತ ಹುಡುಕಿಕೊಂಡು ಹೋಗಿ ಸಾಯುತ್ತಾಳೆ. ತನ್ನ ಮಗ ಮುಳುಗುವಾಗ ಕಾಯಬೇಕಾದವರು ಕಾಯಲಿಲ್ಲವೆಂಬುದೇ ಆ ತಾಯಿಯ ದ್ವೇಷಕ್ಕೆ ಕಾರಣ. ಅವಳ ಕೈಗೆ ಸಿಕ್ಕಿಬೀಳುವ ಈ ಹುಡುಗಿಯಾದರೋ ಮಗುವಿನ ಕೂಗಿಗೆ ಓಗೊಟ್ಟವಳು. ಈ ಚಿತ್ರದ ಅತ್ಯಂತ ಕ್ರೂರವಾದ ವಿಷಯ ಇದೇ ಎಂದು ನನಗೆ ಅನ್ನಿಸುತ್ತದೆ, ಮತ್ತು ನಿಮ್ಮ ಲೇಖನದಲ್ಲಿ ಅದಕ್ಕೆ ಸಿಕ್ಕಿರುವುದು ‘ನಂತರ ಬ್ರೆಂಡಾ ಸಾಯುತ್ತಾಳೆ’ ಎಂಬ ಮೂರು ಪದ.

ಕೊನೆಗೆ ಉಳಿಯುವ ಹುಡುಗಿಯ ಕಲ್ಪನೆಯನ್ನು ನಿಮ್ಮದೇ ಎಂಬಂತೆ ಬರೆದಿರುವುದು ಸರಿಯಲ್ಲ. ‘ಫೈನಲ್ ಗರ್ಲ್’ ಎಂಬ ಹೆಸರು ಕೊಟ್ಟು ಅದನ್ನು 1987ರ ಪ್ರಬಂಧವೊಂದರಲ್ಲಿ, ಆಮೇಲೆ 1992ರ ಪುಸ್ತಕದಲ್ಲಿ ಬೆಳೆಸಿದವರು ವಿದ್ವಾಂಸೆ ಕ್ಯಾರಲ್ ಕ್ಲೋವರ್. ಅವರ ಹೆಸರನ್ನು ಹೇಳಲೇಬೇಕು. ಅವರ ವಾದವೂ ನೀವು ಹೇಳಿದಷ್ಟು ಸರಳವಾಗಿಲ್ಲ: ಆರಂಭದಲ್ಲಿ ಕೊಲೆಗಾರನ ಕಣ್ಣಿನಿಂದ ನೋಡುತ್ತಿದ್ದ ಪ್ರೇಕ್ಷಕರು, ಅವರಲ್ಲಿ ಹೆಚ್ಚಿನವರು ಎಳೆಯ ಗಂಡುಮಕ್ಕಳು, ಕೊನೆಯ ಹೊತ್ತಿಗೆ ಒಬ್ಬ ಹುಡುಗಿಯ ಜೊತೆ ನಿಂತು ಅವಳ ಭಯವನ್ನೂ ಹೋರಾಟವನ್ನೂ ತಮ್ಮದಾಗಿಸಿಕೊಳ್ಳುತ್ತಾರೆ ಎಂಬುದು ಅದರ ಜೀವಾಳ.

ಎರಡು ತಿದ್ದುಪಡಿಗಳು. ಹಾಕಿ ಮುಖವಾಡದ ಜೇಸನ್, ಅಂದರೆ ಮುಳುಗಿಹೋದನೆಂದು ತಾಯಿ ನಂಬಿದ್ದ ಆ ಮಗ, ಮೊದಲ ಚಿತ್ರದ ಕೊಲೆಗಾರನಲ್ಲ. 1981ರ ಎರಡನೆಯ ಭಾಗದಲ್ಲಿ ಅವನು ತಲೆಗೆ ಬಟ್ಟೆಯ ಚೀಲ ಹಾಕಿಕೊಂಡು ಬರುತ್ತಾನೆ, ಮುಖವಾಡ ಸಿಗುವುದು 1982ರ ಮೂರನೆಯ ಭಾಗದಲ್ಲಿ. ಇನ್ನೊಂದು, ವಿಕ್ಟರ್ ಮಿಲ್ಲರ್ ಹೆಸರನ್ನು ನೀವು ಒಮ್ಮೆಯೂ ಎತ್ತಿಲ್ಲ. ಮೂಲ ಚಿತ್ರಕಥೆಯ ಹಕ್ಕಿಗಾಗಿ ಅವರು ನಡೆಸಿದ ಮೊಕದ್ದಮೆಯಲ್ಲಿ 2021ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಬರೆಯುವವರಾದ ನಾವು ಬರೆದವರನ್ನು ಮರೆಯಬಾರದು.

1981ರ ‘ದ ಬರ್ನಿಂಗ್’ ಚಿತ್ರಕ್ಕೆ ನೀವು ಕೊಟ್ಟ ಸ್ಥಳ ಸಾಲದು. ನ್ಯೂಯಾರ್ಕ್ ಭಾಗದ ಶಿಬಿರಗಳಲ್ಲಿ ಬೆಂಕಿಯ ಸುತ್ತ ಕೂತ ಮಕ್ಕಳಿಗೆ ಹೇಳುತ್ತ ಬಂದ ಕ್ರಾಪ್ಸಿ ಎಂಬ ಕೊಲೆಗಾರನ ಕಥೆಯೇ ಅದರ ಬೇರು. ಅದೇ ಕಥೆಯನ್ನು ತೆಗೆದುಕೊಳ್ಳಲು ಹೊರಟಿದ್ದ ‘ಮ್ಯಾಡ್‌ಮ್ಯಾನ್’ ಚಿತ್ರದವರು ಈ ಸುದ್ದಿ ತಿಳಿದು ತಮ್ಮ ಕೊಲೆಗಾರನನ್ನು ಬದಲಿಸಿಕೊಳ್ಳಬೇಕಾಯಿತು. ಶಿಬಿರದಲ್ಲಿ ಹೇಳುವ ಕಥೆಯೇ ಶಿಬಿರದ ಚಿತ್ರವಾಗುವ ಈ ದಾರಿಯ ಬಗ್ಗೆ ಒಂದು ಇಡೀ ಪುಟ ಬರೆಯಬಹುದು. ತೆಪ್ಪದ ಮೇಲಿನ ಸಾಮೂಹಿಕ ಕೊಲೆಯ ದೃಶ್ಯವನ್ನು ವರ್ಣಿಸುವಾಗ ಅದು ಹಾಡುಹಗಲಲ್ಲಿ, ಬಯಲಾದ ನೀರಿನ ನಡುವೆ ನಡೆಯುತ್ತದೆ ಎಂಬ ಮುಖ್ಯ ಸಂಗತಿಯನ್ನೇ ಬಿಟ್ಟಿದ್ದೀರಿ.

1983ರ ‘ಸ್ಲೀಪ್‌ಅವೇ ಕ್ಯಾಂಪ್’ ವಿಷಯದಲ್ಲಿ ನಿಮ್ಮೊಡನೆ ನನಗೆ ಪೂರ್ತಿ ಭಿನ್ನಾಭಿಪ್ರಾಯವಿದೆ. ಅದರ ಕೊನೆಯ ತಿರುವನ್ನು ‘ಅದ್ಭುತ’ ಎಂದು ಹೊಗಳಿ ಮುಂದೆ ಹೋಗಿದ್ದೀರಿ. ಹುಡುಗಿ ಎಂದು ನಾವು ನಂಬಿದ್ದ ಪಾತ್ರ ಹುಟ್ಟಿನಿಂದ ಹುಡುಗ, ಸಾಕಿದ ಅತ್ತೆ ಅವನನ್ನು ಬಲವಂತವಾಗಿ ಹುಡುಗಿಯಾಗಿ ಬೆಳೆಸಿದ್ದಾಳೆ ಎಂಬುದನ್ನೇ ಆ ಚಿತ್ರ ಭಯದ ವಸ್ತುವನ್ನಾಗಿ ಮಾಡುತ್ತದೆ. ಲಿಂಗದ ಕಾರಣಕ್ಕೆ ಬದುಕಿನುದ್ದಕ್ಕೂ ಅವಮಾನ ಉಂಡವರು ನಮ್ಮ ಓದುಗರಲ್ಲಿದ್ದಾರೆ. ಅವರಿಗೆ ಆ ದೃಶ್ಯ ಹೇಗೆ ತಾಗಬಹುದೆಂದು ಯೋಚಿಸದೆ ಮೆಚ್ಚುಗೆ ಬರೆಯುವುದು ನನ್ನಿಂದ ಒಪ್ಪಲಾಗದ ಮಾತು. ಆ ಚಿತ್ರದ ನಿಜವಾದ ಶಕ್ತಿ ಇನ್ನೊಂದೆಡೆ ಇದೆ. ಅದರಲ್ಲಿರುವವರು ನಿಜಕ್ಕೂ ಎಳೆಯರು, ಮುಖ್ಯ ಪಾತ್ರದ ಫೆಲಿಸಾ ರೋಸ್ ಆಗ 13 ವರ್ಷದವರು. ಮಾತಾಡದ ಹುಡುಗಿಯನ್ನು ಉಳಿದವರು ಊಟದ ಮೇಜಿನಲ್ಲಿ, ಕೆರೆಯ ದಡದಲ್ಲಿ ಹಂಗಿಸುವ ದೃಶ್ಯಗಳು ಕೊಲೆಗಳಿಗಿಂತ ಹೆಚ್ಚು ನೋಯಿಸುತ್ತವೆ.

ಇನ್ನೊಂದು ಮಾತು ಹೇಳದೆ ಇರಲಾರೆ. ‘ಫ್ರೈಡೇ ದ ಥರ್ಟೀನ್ತ್’ ಚಿತ್ರದಲ್ಲಿ ಕೋಣೆಗೆ ಹೊಕ್ಕ ಹಾವನ್ನು ಕೊಲ್ಲುವ ದೃಶ್ಯವನ್ನು ನೀವು ‘ಲಘು ಪ್ರಸಂಗ’ ಎಂದು ಕರೆದಿದ್ದೀರಿ. ಅಲ್ಲಿ ಸತ್ತದ್ದು ನಿಜವಾದ ಹಾವು, ಕ್ಯಾಮೆರಾ ಎದುರಿಗೇ ಅದನ್ನು ಕೊಂದರು. ಇಡೀ ಚಿತ್ರದಲ್ಲಿ ನಿಜವಾಗಿ ಹೋದ ಜೀವ ಅದೊಂದೇ. ಕೃತಕ ರಕ್ತದ ಕುಶಲತೆಯನ್ನು ಮೆಚ್ಚುವ ಲೇಖನ ಇದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಿಮ್ಮ ಕನ್ನಡ ಚೆನ್ನಾಗಿದೆ. ‘ಮೈ ನವಿರೇಳಿಸುವ’, ‘ಎದೆ ಝಲ್ಲೆನಿಸುವ’ ಎಂಬಂಥ ವಿಶೇಷಣಗಳನ್ನು ತೆಗೆದು, ಆ ಜಾಗದಲ್ಲಿ ತೆರೆಯ ಮೇಲೆ ಕಂಡದ್ದನ್ನು ಬರೆದರೆ ಸಾಕು.

ಹೊಸ ಪ್ರತಿಯಲ್ಲಿ ಮೂರೇ ಚಿತ್ರಗಳಿರಲಿ. ಉಳಿದವುಗಳ ಸಾರಾಂಶಗಳನ್ನು ಬಿಟ್ಟುಬಿಡಿ. ಉದ್ದ 2,000 ಪದಗಳನ್ನು ಮೀರದಿರಲಿ. ನೀವು ಲಗತ್ತಿಸಿರುವ ಸ್ಥಿರಚಿತ್ರಗಳನ್ನು ಹಕ್ಕುದಾರರ ಅನುಮತಿಯಿಲ್ಲದೆ ನಾವು ಬಳಸುವುದಿಲ್ಲವಾದ್ದರಿಂದ ಅವನ್ನು ಮತ್ತೆ ಕಳುಹಿಸುವ ಅಗತ್ಯವಿಲ್ಲ. ಬರೆಯಲು ಕೂರುವ ಮುನ್ನ ಬ್ರೆಂಡಾಳ ದೃಶ್ಯವನ್ನು ಮೊದಲು ಸದ್ದಿನೊಡನೆ, ಆಮೇಲೆ ಸದ್ದಿಲ್ಲದೆ ನೋಡಿ, ಎರಡರಲ್ಲಿ ಕಂಡ ವ್ಯತ್ಯಾಸವನ್ನು ಅರ್ಧ ಪುಟದಲ್ಲಿ ಬರೆದು ಕಳುಹಿಸಿ. ಲೇಖನಕ್ಕಿಂತ ಮುಂಚೆ ಅದನ್ನು ಓದಲು ಬಯಸುತ್ತೇನೆ.

ವಿಶ್ವಾಸಪೂರ್ವಕವಾಗಿ,
ಸಂಪಾದಕ